ಸಿಕ್ಕಿದ್ದೆಲ್ಲ ನಮ್ಮದೇ?



ಸಂತೆಯಿಂದ ಮನೆಗೆ ಬರುವ ದಾರಿಯಲ್ಲಿ ನಿಮಗೊಂದು ಹತ್ತು ರೂಪಾಯಿಯ ನೋಟು ಸಿಕ್ಕಿತೆಂದು ಇಟ್ಟುಕೊಳ್ಳಿ. ಹಿಂದೆ ಮುಂದೆ ನೋಡುತ್ತೀರಿ, ಯಾರೂ ಇಲ್ಲ. ಎತ್ತಿ ಜೇಬಿಗೆ ಹಾಕಿಕೊಳ್ಳುತ್ತೀರಿ. ಆ ರಾತ್ರಿ ನಿಮ್ಮ ನಿದ್ದೆಯೇನೂ ಕೆಡುವುದಿಲ್ಲ. ಅದೇ ದಾರಿಯಲ್ಲಿ ಒಂದು ಬಂಗಾರದ ತಾಳಿ ಸಿಕ್ಕಿದರೆ? ಆಗ ಎದೆ ಡವಗುಟ್ಟುತ್ತದೆ. ಯಾರದಿರಬಹುದು, ಯಾರನ್ನು ಕೇಳಲಿ, ಕೇಳದಿದ್ದರೆ ಏನಾಗುತ್ತದೆ ಎಂದು ಮನಸ್ಸು ಹತ್ತು ಕಡೆ ಓಡುತ್ತದೆ. ಎರಡೂ ಬೇರೆಯವರ ವಸ್ತುವೇ. ಒಂದಕ್ಕೆ ಮಲಗಿದ ಮನಸ್ಸಾಕ್ಷಿ ಇನ್ನೊಂದಕ್ಕೆ ಎದ್ದು ಕೂರುವುದೇಕೆ?

ಈ ಪ್ರಶ್ನೆ ನನ್ನನ್ನು ಬಲವಾಗಿ ಹಿಡಿದದ್ದು 2019ರ ಜುಲೈ ತಿಂಗಳಲ್ಲಿ, ಇಂಗ್ಲೆಂಡಿನ ಒಂದು ಊರಿನಲ್ಲಿ. ಅಲ್ಲಿನ ಧರ್ಮಕೇಂದ್ರದ ಗುರುಗಳು ರಜೆಗೆ ಹೋಗಿದ್ದಾಗ ಮೂರು ವಾರಗಳ ಮಟ್ಟಿಗೆ ಅವರ ಬದಲು ಬಲಿಪೂಜೆ ಅರ್ಪಿಸಲು ನಾನು ಹೋಗಿದ್ದೆ. ವಾರದ ದಿನಗಳ ಪೂಜೆಗೆ ತಪ್ಪದೆ ಬರುತ್ತಿದ್ದವರಲ್ಲಿ ಒಬ್ಬರು ಬಸ್ಸಿನ ಚಾಲಕರಾಗಿ ನಿವೃತ್ತರಾದ ಹಿರಿಯರು. ಅವರ ಹವ್ಯಾಸ ವಿಚಿತ್ರವಾದದ್ದು. ಒಂದು ಉದ್ದನೆಯ ಕೋಲು, ಕೋಲಿನ ತುದಿಗೆ ಊಟದ ತಟ್ಟೆಯಷ್ಟಗಲದ ಒಂದು ಬಿಲ್ಲೆ, ಕಿವಿಗೆ ಹೆಡ್‌ಫೋನು. ಇದು ಲೋಹಶೋಧಕ ಯಂತ್ರ. ಇದನ್ನು ಹಿಡಿದುಕೊಂಡು ಹುಲ್ಲುಗಾವಲುಗಳಲ್ಲಿ, ಉಳುಮೆ ಮಾಡಿದ ಹೊಲಗಳಲ್ಲಿ ಗಂಟೆಗಟ್ಟಲೆ ನಡೆಯುವುದು, ಸದ್ದು ಬಂದಲ್ಲಿ ಅಗೆದು ನೋಡುವುದು, ಇಷ್ಟೇ. ಇಂಗ್ಲೆಂಡಿನಲ್ಲಿ ಈ ಹವ್ಯಾಸದವರು ಬಹಳ ಮಂದಿ ಇದ್ದಾರೆ. "ಫಾದರ್, ನಾಳೆ ನಿಮಗೆ ಬಿಡುವಿದ್ದರೆ ಬನ್ನಿ. ಪಾರ್ಕಿನಲ್ಲಿ ಹುಡುಕಲು ನಗರಸಭೆಯಿಂದ ಅಪ್ಪಣೆ ಸಿಕ್ಕಿದೆ," ಎಂದರು. ಹೋದೆ.

ಅಪ್ಪಣೆಯ ಪತ್ರವನ್ನು ಅವರು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದರು. ಆಟದ ಮೈದಾನದ ಕಡೆ ಅಗೆಯಬಾರದು, ಹುಲ್ಲಿನ ಹೆಂಟೆಯನ್ನು ಕೊಯ್ದು ತೆಗೆದು ಮತ್ತೆ ಹಾಗೆಯೇ ಕೂರಿಸಬೇಕು, ಬೆಲೆಬಾಳುವ ಯಾವುದು ಸಿಕ್ಕರೂ ಕಚೇರಿಗೆ ತಿಳಿಸಬೇಕು ಎಂದೆಲ್ಲ ಅದರಲ್ಲಿ ಬರೆದಿತ್ತು.

ಯಂತ್ರದ ಗುಟ್ಟನ್ನು ಅವರೇ ಬಿಡಿಸಿ ಹೇಳಿದರು. ಬಿಲ್ಲೆಯೊಳಗೆ ತಂತಿಯ ಸುರುಳಿಗಳಿವೆ. ಒಂದು ಸುರುಳಿಯಲ್ಲಿ ಹರಿಯುವ ವಿದ್ಯುತ್ತು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಅದು ಮಣ್ಣಿನೊಳಗಿನ ಲೋಹಕ್ಕೆ ತಾಗಿದಾಗ ಲೋಹದಲ್ಲೂ ಸಣ್ಣ ವಿದ್ಯುತ್ ಸುಳಿಗಳೇಳುತ್ತವೆ. ಆ ಸುಳಿಗಳ ಮರುದನಿಯನ್ನು ಇನ್ನೊಂದು ಸುರುಳಿ ಹಿಡಿದು ಕಿವಿಗೆ ಸದ್ದಾಗಿ ಕಳುಹಿಸುತ್ತದೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರಿಗೆ ಗುಂಡೇಟಾದಾಗ, ದೇಹದೊಳಗಿನ ಗುಂಡನ್ನು ಹುಡುಕಲು ಟೆಲಿಫೋನು ಖ್ಯಾತಿಯ ಗ್ರಹಾಂ ಬೆಲ್ ಇಂಥದೇ ಒಂದು ಉಪಕರಣ ಮಾಡಿಕೊಂಡು ಹೋಗಿದ್ದರು. ಗುಂಡು ಸಿಗಲಿಲ್ಲ, ರೋಗಿ ಉಳಿಯಲಿಲ್ಲ.

ಕಬ್ಬಿಣವಾದರೆ ತಗ್ಗಿದ ಗೊರಗೊರ ಸದ್ದು. ಬೆಳ್ಳಿ ತಾಮ್ರಗಳಿಗೆ ಎತ್ತರದ ಸದ್ದು. ಚಿನ್ನದ ಉಂಗುರಕ್ಕೂ ತಂಪು ಪಾನೀಯದ ಡಬ್ಬಿಯಿಂದ ಕಿತ್ತೆಸೆದ ಅಲ್ಯುಮಿನಿಯಂ ಬಳೆಗೂ ಮಾತ್ರ ಹೆಚ್ಚು ಕಡಿಮೆ ಒಂದೇ ಸದ್ದು. ಆದ್ದರಿಂದ ಕಸ ಬೇಡ ಎಂದವನಿಗೆ ಚಿನ್ನವೂ ಸಿಗುವುದಿಲ್ಲ. ಆ ದಿನ ನಾನೇ ಲೆಕ್ಕ ಇಟ್ಟೆ: ಡಬ್ಬಿಯ ಬಳೆಗಳು ಹದಿನೇಳು, ಸೀಸೆಯ ಮುಚ್ಚಳಗಳು ಒಂಬತ್ತು, ಒಂದು ಆಟಿಕೆ ಕಾರು, ನಾಣ್ಯಗಳು ಆರು. ನಾಣ್ಯಗಳಲ್ಲಿ ಮೂರು 1971ರಲ್ಲಿ ದಶಮಾನ ಪದ್ಧತಿ ಬರುವುದಕ್ಕೆ ಮುಂಚಿನ ದೊಡ್ಡ ಪೆನ್ನಿಗಳು. ಹಿರಿಯರು ಅವನ್ನು ಅಂಗೈಯಲ್ಲಿಟ್ಟು ಉಜ್ಜಿ ನೋಡುವಾಗ ಮಗುವಿನ ಮುಖ ಅವರದು. ಮೊಣಕಾಲು ನೋವೆಂದು ಪೂಜೆಯಲ್ಲಿ ಮೊಣಕಾಲೂರಲು ಆಗದ ಮನುಷ್ಯ ಅಲ್ಲಿ ಮೂವತ್ತು ಸಲವಾದರೂ ಮೊಣಕಾಲೂರಿದರು! ನಾನು ಅದನ್ನು ಹೇಳಿ ನಕ್ಕೆ. ಅವರೂ ನಕ್ಕರು.

ಮಧ್ಯಾಹ್ನ ಮೂರರ ಹೊತ್ತಿಗೆ ಒಂದು ದೊಡ್ಡ ಮರದಡಿಯ ಹಳೆಯ ಬೆಂಚಿನ ಹಿಂದೆ ಹದಿನೆಂಟನೆಯ ಬಳೆಯ ಸದ್ದು ಬಂತು. ಒಂದು ಗೇಣಿಗಿಂತ ಕಡಿಮೆ ಆಳ. ಮಣ್ಣು ಒರೆಸಿದಾಗ ಅದು ಮದುವೆಯ ಉಂಗುರ. ಒಳಮೈಯಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಚಿನ್ನದ ಶುದ್ಧತೆ ಪರೀಕ್ಷೆಯಾದ ಗುರುತಾದ ಲಂಗರಿನ ಮುದ್ರೆ, ಎರಡು ಹೆಸರುಗಳ ಮೊದಲಕ್ಷರಗಳು, 14 ಜೂನ್ 1958 ಎಂಬ ದಿನಾಂಕ.

ಇಬ್ಬರೂ ಬೆಂಚಿನ ಮೇಲೆ ಕುಳಿತೆವು. ಇದು ಯಾರದು?

ಹಿರಿಯರಿಗೆ ಕಾನೂನು ಚೆನ್ನಾಗಿ ಗೊತ್ತಿತ್ತು. ಫಾರ್ನ್‌ಹ್ಯಾಮ್ ಎಂಬ ಊರಿನ ಕಥೆ ಹೇಳಿದರು. ಆ ಊರಿನ ಪಾರ್ಕು ಒಂದು ಕಾಲದಲ್ಲಿ ವಿಂಚೆಸ್ಟರಿನ ಬಿಷಪರ ಜಿಂಕೆವನವಾಗಿತ್ತು. 1992ರ ಆಗಸ್ಟಿನಲ್ಲಿ ಅಲ್ಲಿ ಒಬ್ಬ ವ್ಯಕ್ತಿ ಇಂಥದೇ ಯಂತ್ರ ಹಿಡಿದು ನಡೆಯುತ್ತಿದ್ದಾಗ ಒಂಬತ್ತು ಅಂಗುಲ ಆಳದಲ್ಲಿ ಮಧ್ಯಯುಗದ ಒಂದು ಚಿನ್ನದ ಪದಕ ಸಿಕ್ಕಿತು, ಉಡುಪಿಗೆ ಚುಚ್ಚಿಕೊಳ್ಳುವಂಥದ್ದು. ಆತ ಬಚ್ಚಿಡಲಿಲ್ಲ, ಅಧಿಕಾರಿಗಳಿಗೆ ತಿಳಿಸಿದ. ಅಂದಿನ ಕಾನೂನಿನಂತೆ, ಮತ್ತೆ ತೆಗೆದುಕೊಳ್ಳುವ ಉದ್ದೇಶದಿಂದ ಯಾರಾದರೂ ಹೂತಿಟ್ಟದ್ದಾದರೆ ಮಾತ್ರ ಅದು ನಿಧಿ, ರಾಜ್ಯಕ್ಕೆ ಸೇರಿದ್ದು, ಬಿದ್ದುಹೋದದ್ದು ನಿಧಿಯಲ್ಲ. ಈ ಪದಕ ನಿಧಿಯಲ್ಲ ಎಂದು ತೀರ್ಮಾನವಾಯಿತು. ಆಮೇಲೆ ಪಾರ್ಕಿನ ಒಡೆತನವಿದ್ದ ನಗರಸಭೆ ತನಗೆ ಕೊಡಬೇಕೆಂದು ದಾವೆ ಹೂಡಿತು. ಮೊದಲ ನ್ಯಾಯಾಲಯ ಸಿಕ್ಕಿದವನದೇ ಎಂದಿತು. 1995ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು. ನೆಲದ ಮೇಲೆ ಬಿದ್ದಿರುವುದು ಬೇರೆ, ನೆಲದೊಳಗೆ ಇರುವುದು ಬೇರೆ. ಒಳಗಿರುವುದರ ಮೇಲೆ ಎತ್ತಿಕೊಂಡವನಿಗಿಂತ ನೆಲದ ಒಡೆಯನಿಗೆ ಹೆಚ್ಚು ಹಕ್ಕು. ಅಲ್ಲದೆ ಪಾರ್ಕು ಎಲ್ಲರಿಗೂ ತೆರೆದಿದ್ದರೂ ಅಡ್ಡಾಡಲು, ಆಡಲು ಬರಬಹುದೇ ಹೊರತು ಅಗೆಯಲು ಅಲ್ಲ.

ಆದರೆ ಈ ಇಬ್ಬರಿಗಿಂತಲೂ ಮೇಲೊಬ್ಬನಿದ್ದಾನೆ: ಕಳೆದುಕೊಂಡವನು. ಇಂಗ್ಲೆಂಡಿನ ಹಳೆಯ ಮೊಕದ್ದಮೆ ಒಂದುಂಟು, 1722ರದ್ದು. ಹೊಗೆಗೂಡು ಗುಡಿಸುವ ಒಬ್ಬ ಹುಡುಗನಿಗೆ ಒಂದು ಒಡವೆ ಸಿಕ್ಕಿತು. ಬೆಲೆ ಕಟ್ಟಿಸಲು ಅಕ್ಕಸಾಲಿಗನ ಅಂಗಡಿಗೆ ಹೋದ. ಅಂಗಡಿಯ ಕೆಲಸದವನು ಅದರ ಹರಳುಗಳನ್ನು ತೆಗೆದಿಟ್ಟುಕೊಂಡು ಬರೀ ಚೌಕಟ್ಟನ್ನು ಹಿಂದಕ್ಕೆ ಕೊಟ್ಟ. ಹುಡುಗ ನ್ಯಾಯಾಲಯಕ್ಕೆ ಹೋಗಿ ಗೆದ್ದ! ನಿಜವಾದ ಒಡೆಯನೊಬ್ಬನನ್ನು ಬಿಟ್ಟು ಮಿಕ್ಕ ಎಲ್ಲರೆದುರೂ ಸಿಕ್ಕಿದವನಿಗೇ ಹಕ್ಕು ಎಂಬುದು ಅಲ್ಲಿ ನಿಂತ ನ್ಯಾಯ. ಬಡ ಹುಡುಗನಿಗೆ ನ್ಯಾಯ ಸಿಕ್ಕಿದ್ದು ಸಂತೋಷವೇ. ಆದರೂ ಒಡವೆ ಕಳೆದುಕೊಂಡವರು ಯಾರೆಂದು ಯಾರೂ ಹುಡುಕಿದಂತೆ ಕಾಣುವುದಿಲ್ಲ. ಅದು ನನಗೆ ಸ್ವಲ್ಪ ಚುಚ್ಚುತ್ತದೆ.

ನಮ್ಮ ದೇಶದ ಕಾನೂನೂ ಈ ವಿಷಯವನ್ನು ಬಿಟ್ಟಿಲ್ಲ. 1878ರ ನಿಧಿ ಕಾಯಿದೆಯ ಪ್ರಕಾರ ಮಣ್ಣಿನಲ್ಲಿ ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು. ಕರ್ನಾಟಕಕ್ಕೆ 1962ರ ತನ್ನದೇ ಕಾಯಿದೆ ಇದೆ. ಹಳೆಯ ಗುಡಿ, ಕೋಟೆಗಳನ್ನು ರಾತ್ರಿ ಹೊತ್ತು ಅಗೆದು ಹಾಳು ಮಾಡುವ ನಿಧಿಗಳ್ಳರಿಗೆ ಇವುಗಳ ಅರಿವಿದ್ದರೂ ಹೆದರಿಕೆ ಇಲ್ಲ. ದಾರಿಯಲ್ಲಿ ಸಿಕ್ಕಿದ ವಸ್ತುವಿನ ಬಗ್ಗೆ ಭಾರತೀಯ ದಂಡ ಸಂಹಿತೆಯ 403ನೆಯ ಕಲಮು ಹೇಳುತ್ತಿತ್ತು. 2024ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯ 314ನೆಯ ಕಲಮಾಗಿದೆ. ರಸ್ತೆಯಲ್ಲಿ ಯಾರದೆಂದು ತಿಳಿಯದ ಒಂದು ರೂಪಾಯಿ ಎತ್ತಿಕೊಂಡವನು ಅಪರಾಧಿಯಲ್ಲ. ಆದರೆ ಒಡೆಯನಾರೆಂದು ಗೊತ್ತಿದ್ದೂ, ಅಥವಾ ವಿಚಾರಿಸಿದರೆ ಗೊತ್ತಾಗುವಂತಿದ್ದೂ ಸುಮ್ಮನೆ ಇಟ್ಟುಕೊಂಡವನು ಅಪರಾಧಿ. ನೋಡಿ, ಆರಂಭದಲ್ಲಿ ನಾನು ಕೇಳಿದ ನೋಟು ಮತ್ತು ತಾಳಿಯ ಪ್ರಶ್ನೆಗೆ ಇಲ್ಲೊಂದು ಉತ್ತರವಿದೆ. ವ್ಯತ್ಯಾಸವಿರುವುದು ಬೆಲೆಯಲ್ಲಿ ಅಲ್ಲ, ಗುರುತಿನಲ್ಲಿ. ಹತ್ತು ರೂಪಾಯಿಯ ನೋಟಿಗೆ ಮುಖವಿಲ್ಲ. ತಾಳಿಗೆ ಒಬ್ಬಳ ಕುತ್ತಿಗೆ ಇದೆ.

ಇದನ್ನೇ ಸಂತ ತೋಮಸ್ ಅಕ್ವಿನಾಸರು 13ನೆಯ ಶತಮಾನದಲ್ಲಿ ಕಳವಿನ ವಿಷಯ ಬರೆಯುವಾಗ ವಿಂಗಡಿಸಿದ್ದರು. ಸಮುದ್ರ ತೀರದಲ್ಲಿ ಸಿಗುವ ಹರಳುಗಳು ಎಂದೂ ಯಾರದೂ ಆಗಿರಲಿಲ್ಲ; ಅವು ಎತ್ತಿಕೊಂಡವನವು. ಬಹಳ ಹಿಂದೆ ಹೂತುಹೋಗಿ ಒಡೆಯನೇ ಇಲ್ಲದ ನಿಧಿಯೂ ಸಿಕ್ಕಿದವನದೇ. ಆದರೆ ಬೇರೆಯವರ ಹೊಲದಲ್ಲಿ ಸಿಕ್ಕರೆ ಅರ್ಧ ಹೊಲದವನಿಗೆ ಎಂಬುದು ರೋಮನರ ಕಾಲದಿಂದ ಬಂದ ಕಾನೂನು. ಇತ್ತೀಚೆಗೆ ಯಾರದೋ ಕೈತಪ್ಪಿದ ವಸ್ತು ಮಾತ್ರ ಬೇರೆ. ಹಿಂದಕ್ಕೆ ಕೊಡುವ ಮನಸ್ಸಿನಿಂದ ಎತ್ತಿಕೊಂಡರೆ ತಪ್ಪಲ್ಲ. ಒಡೆಯನೇ ಬೇಡವೆಂದು ಬಿಟ್ಟುಬಿಟ್ಟದ್ದು ಎಂದು ಪ್ರಾಮಾಣಿಕವಾಗಿ ನಂಬಿ ಇಟ್ಟುಕೊಂಡರೂ ತಪ್ಪಲ್ಲ. ಇವೆರಡೂ ಅಲ್ಲದಿದ್ದರೆ ಅದು ಕಳವು. ಇಲ್ಲಿ ಒಂದು ಸ್ವಾರಸ್ಯವುಂಟು. ಮತ್ತಾಯನ ಶುಭಸಂದೇಶದ 13ನೆಯ ಅಧ್ಯಾಯದಲ್ಲಿ ಹೊಲದಲ್ಲಿ ನಿಧಿ ಕಂಡವನು ಅದನ್ನು ಮತ್ತೆ ಮುಚ್ಚಿಟ್ಟು, ಇದ್ದದ್ದೆಲ್ಲ ಮಾರಿ ಆ ಹೊಲವನ್ನೇ ಕೊಂಡುಕೊಳ್ಳುತ್ತಾನೆ. ನಿಧಿ ಪೂರ್ತಿಯಾಗಿ ತನ್ನದಾಗಲೆಂದೇ ಅವನು ಹೊಲ ಕೊಂಡದ್ದು ಎನ್ನುತ್ತಾರೆ ಅಕ್ವಿನಾಸರು. ಹೊಲ ಮಾರಿದವನಿಗೆ ಮೋಸವಾಗಲಿಲ್ಲವೇ ಎಂದು ಗುರುಮಠದಲ್ಲಿ ನಾವು ಬಹಳ ವಾದ ಮಾಡಿದ್ದೆವು. ಯೇಸುಸ್ವಾಮಿ ಹೇಳಹೊರಟದ್ದು ದೇವರ ರಾಜ್ಯದ ಬೆಲೆಯನ್ನು, ಹೊಲದ ಕ್ರಯಪತ್ರವನ್ನಲ್ಲ ಎಂದು ಹೇಳಿ ಪ್ರಾಧ್ಯಾಪಕರು ನಮ್ಮನ್ನು ಊಟಕ್ಕೆ ಕಳುಹಿಸಿದ್ದರು. ನನಗೆ ಈಗಲೂ ಆ ಹೊಲದವನ ಬಗ್ಗೆ ಮರುಕವಿದೆ.

ಆ ಬೆಂಚಿನ ಮೇಲೆ ಕುಳಿತಾಗ ಇದೆಲ್ಲ ಒಂದು ಕಡೆಯಾದರೆ, ನನ್ನ ಕಣ್ಣ ಮುಂದೆ ಬಂದದ್ದು ಒಂದು ಒದ್ದೆ ಕರವಸ್ತ್ರ. ಇದನ್ನು ನಿಮಗೆ ಹೇಳಲೇಬೇಕು.

ನನಗಾಗ ಹನ್ನೊಂದು ವರ್ಷ. ಮಲೆನಾಡಿನ ಕಾಫಿ ತೋಟವೊಂದರಲ್ಲಿ ಅಪ್ಪ ರೈಟರಾಗಿದ್ದರು. ಜೂನ್ 13, ಸಂತ ಅಂತೋಣಿಯವರ ಹಬ್ಬ. ಜಡಿಮಳೆ. ದೇವಾಲಯದ ಅಂಗಳದ ಕೆಸರಿನಲ್ಲಿ ಗಂಟು ಹಾಕಿದ ಒಂದು ಕರವಸ್ತ್ರ ನನ್ನ ಕಾಲಿಗೆ ತಾಗಿತು. ಬಿಚ್ಚಿದರೆ ತೊಂಬತ್ತು ರೂಪಾಯಿ. ಕಳೆದುಹೋದ ವಸ್ತುಗಳನ್ನು ಹುಡುಕಿಕೊಡುವ ಸಂತರ ಹಬ್ಬದ ದಿನವೇ ಸಿಕ್ಕಿದೆ, ಆದ್ದರಿಂದ ಅದು ಅವರದೇ ಎಂದು ನನ್ನ ಬುದ್ಧಿ ಲೆಕ್ಕ ಹಾಕಿತು. ಎಂಬತ್ತೆಂಟು ರೂಪಾಯಿಯನ್ನು ಅವರ ಕಾಣಿಕೆ ಡಬ್ಬಿಗೆ ಹಾಕಿದೆ. ಎರಡು ರೂಪಾಯಿಗೆ ಮಿಠಾಯಿ ತಿಂದೆ. ಕರವಸ್ತ್ರವನ್ನು ಬೇಲಿಯಾಚೆ ಎಸೆದೆ. ಮನಸ್ಸಿಗೆ ಬಹಳ ಭಕ್ತನಾದಂತೆ ಹಿತವಾಯಿತು.

ಮುಂದಿನ ಭಾನುವಾರ ಪೂಜೆಯ ಕೊನೆಯಲ್ಲಿ ಗುರುಗಳು ಪ್ರಕಟಣೆ ಮಾಡಿದರು. ತೋಟದ ಆಳು ಹೆಂಗಸೊಬ್ಬಳ ಒಂದು ವಾರದ ಬಟವಾಡೆ ಹಬ್ಬದ ದಿನ ಕಳೆದುಹೋಗಿದೆ, ಸಿಕ್ಕಿದವರು ದಯವಿಟ್ಟು ತಂದುಕೊಡಿ ಎಂದು. ಆಕೆ ಹಿಂದಿನ ಸಾಲಿನಲ್ಲಿ ತಲೆ ಮೇಲಿನ ಪ್ಲಾಸ್ಟಿಕ್ ಕೊಪ್ಪೆಯನ್ನು ಕೈಯಲ್ಲಿ ಮಡಚಿಕೊಂಡು ನಿಂತಿದ್ದಳು. ನಾನು ಬಾಯಿ ಬಿಡಲಿಲ್ಲ. ದುಡ್ಡು ನನ್ನಲ್ಲಿಲ್ಲವಲ್ಲ, ಸಂತರಲ್ಲಿದೆಯಲ್ಲ!

ಹತ್ತು ವರ್ಷಗಳ ಬಳಿಕ ಗುರುಮಠದಲ್ಲಿ ಏಳನೆಯ ಆಜ್ಞೆಯ ಪಾಠ ನಡೆಯುವಾಗ ಆ ಕೊಪ್ಪೆ ನೆನಪಿಗೆ ಬಂತು. ಪಾಪನಿವೇದನೆ ಮಾಡಿದೆ. ನನ್ನ ಪಾಪನಿವೇದನೆ ಕೇಳಿದ ಗುರುಗಳು ಹೇಳಿದ್ದು ಎರಡೇ ಮಾತು. ಮೊದಲನೆಯದು, ಬೇರೆಯವರ ದುಡ್ಡಿನಲ್ಲಿ ಕಾಣಿಕೆ ಹಾಕಲು ಬರುವುದಿಲ್ಲ, ಅದು ಕೊಟ್ಟದ್ದೇ ಅಲ್ಲ. ಎರಡನೆಯದು, ಒಡೆಯರು ಸಿಗದಿದ್ದರೆ ಬಡವರಿಗೆ ಕೊಡು, ಆದರೆ ಹುಡುಕಿ ಸಿಗದಿದ್ದರೆ ಮಾತ್ರ. ಹುಡುಕುವ ಬದಲಿಗೆ ಅಲ್ಲ. ರಜೆಯಲ್ಲಿ ತೋಟಕ್ಕೆ ಹೋಗಿ ಲೈನ್ ಮನೆಗಳಲ್ಲಿ ವಿಚಾರಿಸಿದೆ. ಆಕೆಯ ಸಂಸಾರ ಕೆಲಸ ಬಿಟ್ಟು ಹೋಗಿ ವರ್ಷಗಳಾಗಿದ್ದವು. ಎಲ್ಲಿಗೆ ಎಂದು ಯಾರಿಗೂ ಗೊತ್ತಿರಲಿಲ್ಲ. ಆಕೆಯ ಹೆಸರನ್ನು ಮಾತ್ರ ಒಬ್ಬ ಅಜ್ಜಿ ನೆನಪಿಟ್ಟುಕೊಂಡಿದ್ದಳು.

ಹಾಗಾಗಿ ಉಂಗುರದ ವಿಷಯದಲ್ಲಿ ನಾನು ಪಟ್ಟು ಹಿಡಿದೆ. ಇದರ ಒಡೆಯರನ್ನು ಹುಡುಕಲೇಬೇಕು ಎಂದೆ. ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ, ದಾರಿತಪ್ಪಿದ ಸೋದರನ ಎತ್ತನ್ನು ಕಂಡೂ ಕಾಣದಂತೆ ಇರಕೂಡದು ಎಂಬ ಕಟ್ಟಳೆ ಇದೆಯಲ್ಲ, ಅದನ್ನೂ ಹೇಳಿದೆ. 1958ರ ಜೂನ್ 14 ಶನಿವಾರ, ಇಂಗ್ಲೆಂಡಿನಲ್ಲಿ ಮದುವೆಗಳ ವಾರ. ಧರ್ಮಕೇಂದ್ರದ ವಿವಾಹ ದಾಖಲೆಯ ಪುಸ್ತಕ ತೆಗೆದು ನೋಡಿದೆವು. ಅಂದು ಒಂದು ಮದುವೆ ನಡೆದಿತ್ತು, ಹೆಸರುಗಳು ಹೊಂದಲಿಲ್ಲ. ಹಿರಿಯರು ನಿಯಮದಂತೆ ಉಂಗುರವನ್ನು ನಗರಸಭೆಯ ಕಚೇರಿಗೆ ಒಪ್ಪಿಸಿ ರಸೀದಿ ಪಡೆದರು. ಒಡೆಯರು ಸಿಕ್ಕರೆ ಕೊಡುತ್ತೇವೆ ಎಂದು ಅಲ್ಲಿನವರೂ ಒಪ್ಪಿದರು. ಊರಿನ ವಾರಪತ್ರಿಕೆಯಲ್ಲಿ ಒಂದು ಪ್ರಕಟಣೆ ಕೊಡಿ, ಅಕ್ಷರಗಳನ್ನೂ ದಿನಾಂಕವನ್ನೂ ಹಾಕಿಸಿ, ಆಗ ತಪ್ಪದೆ ಸಿಗುತ್ತಾರೆ ಎಂದು ಸಲಹೆ ಕೊಟ್ಟವನು ನಾನು. ಅಷ್ಟರಲ್ಲಿ ನನ್ನ ಮೂರು ವಾರ ಮುಗಿದು ಊರಿಗೆ ಮರಳಿದೆ.

ಕ್ರಿಸ್‌ಮಸ್ಸಿಗೆ ಮುಂಚೆ ಅವರ ಪತ್ರ ಬಂತು. ಒಡತಿ ಸಿಕ್ಕಿದ್ದರು. ಎಂಬತ್ತು ದಾಟಿದ ವೃದ್ಧೆ. ತಾವಾಗಿ ಬಂದವರಲ್ಲ. ಪತ್ರಿಕೆಯಲ್ಲಿ ಅಕ್ಷರ, ದಿನಾಂಕ ಕಂಡ ಮಗಳು ಕುಣಿಯುತ್ತ ತಾಯಿಯನ್ನು ಕರೆದುಕೊಂಡು ಬಂದಿದ್ದಳು. ಉಂಗುರ ಸಮುದ್ರದಲ್ಲಿ ಈಜುವಾಗ ಜಾರಿಹೋಯಿತು ಎಂದು ತಾಯಿ ಮಕ್ಕಳಿಗೆ ಹೇಳಿಕೊಂಡು ಬಂದಿದ್ದರಂತೆ. ಅದು ಪಾರ್ಕಿನಲ್ಲಿ ಸಿಕ್ಕಿತು ಎಂದಾಗ ಮಗಳು ಹೇಗೆ, ಯಾವಾಗ ಎಂದು ಪ್ರಶ್ನೆಗಳ ಮೇಲೆ ಪ್ರಶ್ನೆ ಕೇಳತೊಡಗಿದಳು. ವೃದ್ಧೆ ಸುಮ್ಮನೆ ಕುಳಿತಿದ್ದರು. ಮಗಳು ಕಾರು ತರಲು ಹೋದಾಗ ಮಾತ್ರ ಹಿರಿಯರಿಗೆ ಹೇಳಿದರು: ಅದು ಬಿದ್ದದ್ದಲ್ಲ, ನಾನೇ ಒಂದು ರಾತ್ರಿ ಅಲ್ಲಿ ಕಾಲಿನಿಂದ ಮಣ್ಣಿಗೆ ತುಳಿದು ಹೋದದ್ದು. ಗಂಡ ತೀರಿಕೊಂಡು ಇಪ್ಪತ್ತು ವರ್ಷವಾಯಿತು, ಮಕ್ಕಳಿಗೆ ಅಪ್ಪನೆಂದರೆ ಪ್ರೀತಿ; ನೀವು ಯಾಕಾದರೂ ಅಗೆದಿರಿ?

ಪತ್ರ ಹಿಡಿದುಕೊಂಡು ಬಹಳ ಹೊತ್ತು ಕುಳಿತೆ.

ಓದುಗರೇ, ನನ್ನ ವಿಂಗಡಣೆಗಳಲ್ಲಿ ಇದಕ್ಕೂ ಜಾಗವಿತ್ತು: ಒಡೆಯನೇ ಬೇಡವೆಂದು ಬಿಟ್ಟ ವಸ್ತು. ಅದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಬೆಂಚಿನ ಮೇಲೆ ಮರೆತಿದ್ದೆ. ಮದುವೆಯ ಉಂಗುರವನ್ನು ಯಾರಾದರೂ ಬೇಕೆಂದು ಬಿಡುತ್ತಾರೆಂಬ ಯೋಚನೆ ಗುರುವಾದ ನನಗೆ ಬರಲೇ ಇಲ್ಲ, ಎಷ್ಟೋ ಮನೆಗಳ ಕಣ್ಣೀರು ಕೇಳಿದ್ದರೂ. ಹೀಗೆ ಬಿಟ್ಟದ್ದು ನಿಜಕ್ಕೂ ಬಿಟ್ಟದ್ದೇ ಎಂಬುದೂ ಸುಲಭದ ಮಾತಲ್ಲ. ಬಿರುಗಾಳಿಗೆ ಸಿಕ್ಕಿದ ಹಡಗು ಮುಳುಗದಿರಲೆಂದು ಸಮುದ್ರಕ್ಕೆ ಎಸೆದ ಸರಕು ಎಸೆದವನದಾಗಿಯೇ ಉಳಿಯುತ್ತದೆ ಎಂದು 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿ ಹೊರಡಿಸಿದ ಕಾನೂನು ಗ್ರಂಥ ಹೇಳುತ್ತದೆ. ಬೇಡವೆಂದು ಎಸೆದದ್ದಲ್ಲ, ಬದುಕಲೆಂದು ಎಸೆದದ್ದು. ಆ ವೃದ್ಧೆಯ ಉಂಗುರವೂ ಅಂಥದೇ ಸರಕೋ ಏನೋ. ಅದು ಆಕೆಯದೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅದರ ಕಥೆಯೂ ಆಕೆಯದೇ, ಹೇಳುವುದೂ ಹೇಳದಿರುವುದೂ ಆಕೆಗೇ ಬಿಟ್ಟದ್ದು. ಉಂಗುರವನ್ನು ನಾವು ನ್ಯಾಯವಾಗಿಯೇ ಹಿಂದಕ್ಕೆ ಕೊಟ್ಟೆವು. ಕಥೆಯನ್ನು ಮಾತ್ರ ಆಕೆಯನ್ನು ಕೇಳದೆಯೇ ಊರಿನ ಪತ್ರಿಕೆಗೆ ಕೊಟ್ಟೆವು.

ಹುಡುಕಿದ್ದು ತಪ್ಪೆಂದು ನಾನು ಈಗಲೂ ಒಪ್ಪುವುದಿಲ್ಲ. ಕಾಫಿ ತೋಟದ ಆ ಹೆಂಗಸನ್ನು ನೆನೆದರೆ ಹುಡುಕದೆ ಇರಲು ನನಗೆ ಸಾಧ್ಯವೂ ಇಲ್ಲ. ಹುಡುಕಿದ ರೀತಿ ತಪ್ಪು. ಉಂಗುರವೊಂದು ಸಿಕ್ಕಿದೆ, ಕಳೆದುಕೊಂಡವರು ಬಂದು ಗುರುತು ಹೇಳಿ ಎಂದಷ್ಟೇ ಹಾಕಿಸಿದ್ದರೆ ಸಾಕಿತ್ತು. ಬೇಕಿದ್ದವರು ಬರುತ್ತಿದ್ದರು, ಬೇಡವಾದವರು ಪತ್ರಿಕೆ ಮಡಚಿ ಸುಮ್ಮನಾಗುತ್ತಿದ್ದರು. ಸುಳ್ಳು ಹಕ್ಕು ಹೇಳಿ ಬರುವವರನ್ನು ತಡೆಯಲೂ ಗುರುತನ್ನು ಗುಟ್ಟಾಗಿಡುವುದೇ ಜಾಣತನ. ಪೇಟೆಯ ಯಾವ ಅಂಗಡಿಯವನಿಗೂ ಗೊತ್ತಿರುವ ಮಾತಿದು. ನನ್ನ ಹಳೆಯ ತಪ್ಪನ್ನು ತೀರಿಸಿಕೊಳ್ಳುವ ಆತುರದಲ್ಲಿ ಇನ್ನೊಬ್ಬರ ಬದುಕನ್ನು ಕೆದಕಿದೆ.

ಆ ತಾಯಿಗೆ ಕ್ಷಮೆ ಕೇಳಿ ಒಂದು ಪತ್ರ ಬರೆದು ಹಿರಿಯರ ಮೂಲಕ ಕಳುಹಿಸಿದೆ. ಉತ್ತರ ಬರಲಿಲ್ಲ. ಮಗಳಿಗೆ ಆಕೆ ಏನು ಹೇಳಿದರೋ, ಉಂಗುರವನ್ನು ಏನು ಮಾಡಿದರೋ ನಾವು ವಿಚಾರಿಸಲಿಲ್ಲ. ಹಿರಿಯರು ಈಗಲೂ ಯಂತ್ರ ಹಿಡಿದು ಹೋಗುತ್ತಾರೆ, ಪಾರ್ಕಿಗಲ್ಲ, ರೈತರ ಅಪ್ಪಣೆ ಪಡೆದು ಹೊಲಗಳಿಗೆ. ಹಳೆಯ ಕಾಲದ್ದಾದರೆ ಯಾರಿಗೂ ನೋವಾಗುವುದಿಲ್ಲ ಫಾದರ್ ಎಂದು ಬರೆದಿದ್ದರು.

ನಮ್ಮ ಧರ್ಮಕೇಂದ್ರದಲ್ಲಿ ಪ್ರಕಟಣೆಯ ಕ್ರಮವನ್ನು ನಾನು ಬದಲಿಸಿದ್ದೇನೆ. ದೇವಾಲಯದಲ್ಲಿ ಏನಾದರೂ ಸಿಕ್ಕರೆ ಒಂದು ವಸ್ತು ಸಿಕ್ಕಿದೆ ಎಂದು ಮಾತ್ರ ಹೇಳುತ್ತೇನೆ. ಮಕ್ಕಳು ತಂದುಕೊಟ್ಟರೆ ಎಲ್ಲರೆದುರು ಹೊಗಳುವುದಿಲ್ಲ, ಅವರ ಅಪ್ಪ ಅಮ್ಮನಿಗೆ ತಿಳಿಸುತ್ತೇನೆ. ಈಗ ನನ್ನ ಮೇಜಿನ ಖಾನೆಯಲ್ಲಿ ಎರಡು ಕನ್ನಡಕ, ಒಂದು ಬೀಗದ ಕೈ ಗೊಂಚಲು, ಹಲವು ಜಪಮಾಲೆಗಳು, ಮಗುವಿನ ಒಂದೇ ಒಂದು ಕಾಲ್ಗೆಜ್ಜೆ ಇವೆ. ಇನ್ನೂ ಒಂದು ವಸ್ತುವಿದೆ, ಅದೇನೆಂದು ಹೇಳುವುದಿಲ್ಲ. ನಿಮ್ಮದಿದ್ದರೆ ಬಂದು ಗುರುತು ಹೇಳಿ ತೆಗೆದುಕೊಂಡು ಹೋಗಿ. ಸಂಜೆ ಐದರ ಬಳಿಕ ನಾನು ಮನೆಯಲ್ಲಿರುತ್ತೇನೆ.